ತಗಡಿನ ಡಬ್ಬಿಯಲ್ಲಿ ಕಡಲೆ

೪ ಡಿಸೆಂಬರ್ ೧೯೮೩, ಭಾನುವಾರ

ಈ ಡೈರಿ ಬಿಡಿಭಾಗದ ಅಂಗಡಿಯವರು ಕೊಟ್ಟದ್ದು. ಇಷ್ಟು ದಿನ ಇದರಲ್ಲಿ ಯಾವ ಗಾಡಿಗೆ ಎಷ್ಟನೇ ನಂಬರಿನ ಜೆಟ್ ಹಾಕಿದೆ, ಟೈಮಿಂಗ್ ಎಲ್ಲಿಟ್ಟೆ ಎಂದಷ್ಟೇ ಬರೆಯುತ್ತಿದ್ದೆ. ಇವತ್ತು ಬೇರೆ ಬರೆಯಬೇಕಾಗಿದೆ. ಬಾಯಿಬಿಟ್ಟು ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಹೊಟ್ಟೆಕಿಚ್ಚೇ. ಇಲ್ಲಿ ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಸಿರುಗುಪ್ಪದ ಅಕ್ಕಿ ಮಿಲ್ಲಿನ ತಿಪ್ಪೇರುದ್ರಪ್ಪ ಸಾವ್ಕಾರರು ಬೆಳಿಗ್ಗೆ ತಮ್ಮ ಬಿಳಿ ಫಿಯಾಟ್ ತಂದು ಬಳ್ಳಾರಿ ಗಾಂಧಿನಗರದ ನನ್ನ ಷೆಡ್ಡಿನ ಮುಂದೆ ನಿಲ್ಲಿಸಿದರು. ಹನ್ನೊಂದು ವರ್ಷದಿಂದ ಆ ಗಾಡಿಯ ಬಾನೆಟ್ ಎತ್ತಿದ ಕೈ ನನ್ನದೊಂದೇ. ಹಿಂದಿನ ಸೀಟಿನಲ್ಲಿ ಮರದ ಪೆಟ್ಟಿಗೆ. ಅವರ ಭಾಮೈದ ಹಡಗಿನಲ್ಲಿ ಇಂಜಿನಿಯರು, ಹೊರದೇಶದಿಂದ ತಂದುಕೊಟ್ಟಿದ್ದಾನೆ. ಒಳಗೆ ನೀಲಿ ಸಿಲಿಂಡರು, ಎರಡು ಕರೆಂಟಿನ ವಾಲ್ವು, ಒಂದು ಡಬ್ಬಿ ತುಂಬ ಪೆಟ್ರೋಲು ಹಾಯುವ ತೂತಿನ ಸಣ್ಣ ಜೆಟ್ಟುಗಳು, ಇಂಗ್ಲಿಷಿನ ಕಾಗದ. ಆಸ್ಪತ್ರೆಯಲ್ಲಿ ಮೂರ್ಛೆ ಬರಿಸಲು ಮೂಗಿಗೆ ಹಿಡಿಯುವ ನೈಟ್ರಸ್ ಗ್ಯಾಸನ್ನೇ ಇಂಜಿನ್ನಿಗೆ ಕುಡಿಸುವುದಂತೆ. ಸ್ಟೇರಿಂಗಿನ ಪಕ್ಕದ ಗುಂಡಿ ಒತ್ತಿದರೆ ಗ್ಯಾಸೂ ಹೆಚ್ಚಿನ ಪೆಟ್ರೋಲೂ ಒಟ್ಟಿಗೆ ಒಳಗೆ ಹೋಗಿ, ಎತ್ತಿನಂಥ ಫಿಯಾಟು ಕುದುರೆಯಾಗುತ್ತದಂತೆ. ಫೆಬ್ರವರಿಯಲ್ಲಿ ಮದ್ರಾಸಿನ ಆಚೆ ವಿಮಾನ ಇಳಿಯುತ್ತಿದ್ದ ಹಳೆಯ ಪಟ್ಟಿಯ ಮೇಲೆ ಕಾರುಗಳ ಓಟ. ಗಾಡಿಯೊಂದಕ್ಕೆ ಒಬ್ಬನೇ ಮೆಕ್ಯಾನಿಕ್ಕಿಗೆ ಪಾಸು.

ನನ್ನ ಎದೆ ಉಬ್ಬಿತು. ಆ ಪಾಸು ಇನ್ಯಾರಿಗೆ ಬರಬೇಕು. ಅಷ್ಟರಲ್ಲಿ ಸಾವ್ಕಾರರು ಅಂದರು, "ಕುರುಗೋಡಿನ ಮಾರೆಣ್ಣಗೂ ಹೇಳಿ ಕಳಿಸೀನಿ. ಅಂವ ಮದ್ರಾಸಿನ್ಯಾಗ ಇಂಥಾ ಗಾಡಿ ನೋಡ್ಯಾನಂತ. ಇಬ್ರೂ ಕೂಡಿ ಮಾಡ್ರಿ."

ಇದೇ ಷೆಡ್ಡಿನಲ್ಲಿ ನನ್ನ ಕೈಕೆಳಗೆ ಆರು ವರ್ಷ ಸ್ಪ್ಯಾನರ್ ತೊಳೆದವನು ಮಾರೆಣ್ಣ. ಅವನ ಜೊತೆ ಕೂಡಿ ಮಾಡಬೇಕು.

೭ ಡಿಸೆಂಬರ್

ಬಂದ. ಮದ್ರಾಸಿನಿಂದ ತಂದ ಟೈಮಿಂಗ್ ಲೈಟನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸನ್ನು ತಂದ ಹಾಗೆ ತಂದ. ಪ್ಲಗ್ಗಿನ ವೈರಿಗೆ ಅದನ್ನು ಕಟ್ಟಿದರೆ ಕಿಡಿ ಹಾರಿದಾಗಲೆಲ್ಲ ಬೆಳಕು ಮಿಣುಕುತ್ತದೆ. ತಿರುಗುತ್ತಿರುವ ಪುಲ್ಲಿಯ ಮೇಲಿನ ಗುರುತು ನಿಂತ ಹಾಗೆ ಕಾಣುತ್ತದೆ. ಅಕ್ಕಪಕ್ಕದ ಅಂಗಡಿಯವರು ಜಾದೂ ನೋಡಲು ಬಂದ ಹಾಗೆ ಸೇರಿದರು. ನಾನು ಮೂವತ್ತು ವರ್ಷ ಕಿವಿಯಿಂದ ಟೈಮಿಂಗ್ ಇಟ್ಟಿದ್ದೇನೆ. ಒಂದು ದಿನವೂ ಯಾರೂ ನಿಂತು ನೋಡಲಿಲ್ಲ.

ಕಾಗದದಲ್ಲಿ ಬರೆದದ್ದನ್ನು ಅವನು ಬಿಡಿಸಿ ಹೇಳಿದ. ಗ್ಯಾಸು ಒಳಗೆ ಹೋದರೆ ಬೆಂಕಿ ಬೇಗ ಹರಡುತ್ತದೆ, ಆದ್ದರಿಂದ ಕಿಡಿಯನ್ನು ತಡವಾಗಿ ಹಾರಿಸಬೇಕು, ಎಂದರೆ ಟೈಮಿಂಗ್ ಹಿಂದಕ್ಕೆ ತರಬೇಕು. ಮೊದಲೇ ಹಾರಿದರೆ ಪಿಸ್ಟನ್ ಮೇಲೆ ಬರುವಾಗಲೇ ಬೆಂಕಿ ಅದರ ತಲೆಗೆ ಗುದ್ದುತ್ತದೆ. ನಾಕಿಂಗ್. ಅಲ್ಯುಮಿನಿಯಮ್ ಪಿಸ್ಟನ್ನು ಬೆಲ್ಲದ ಅಚ್ಚಿನ ಹಾಗೆ ಕರಗುತ್ತದೆ.

ನಾಕಿಂಗ್ ಬಗ್ಗೆ ಇವನು ನನಗೆ ಹೇಳಿಕೊಡಬೇಕು. ಅದು ತಗಡಿನ ಡಬ್ಬಿಯಲ್ಲಿ ಒಣ ಕಡಲೆ ಅಲ್ಲಾಡಿಸಿದ ಸದ್ದು ಎಂದು ಇವನ ಕಿವಿ ಹಿಂಡಿ ಕಲಿಸಿದವನೇ ನಾನು.

"ಲೈಟು ಗುರುತು ತೋರಿಸ್ತೈತಿ ಅಷ್ಟ ಅಣ್ಣ. ಕಡೀಗೆ ರೋಡಿನ ಮ್ಯಾಲ ಕಿವಿನ ಹೇಳಬೇಕು" ಎಂದ. ಬೆಣ್ಣೆ ಹಚ್ಚುವುದನ್ನೂ ಮದ್ರಾಸಿನಲ್ಲೇ ಕಲಿತಿರಬೇಕು. ಅದನ್ನೂ ಎರಡು ಸಲ ಹೇಳಿಸಿಕೊಂಡೆ. ಮೊದಲು ಗಂಟಲು ಹರಿದುಕೊಂಡು ಮಾತಾಡುತ್ತಿದ್ದವನಿಗೆ ಈಗ ದೊಡ್ಡಮನುಷ್ಯರ ಹಾಗೆ ಬಾಯೊಳಗೇ ಮಾತಾಡುವ ಚಾಳಿ ಬಂದಿದೆ.

೧೧ ಡಿಸೆಂಬರ್

ಮನೆಯ ಕುಕ್ಕರು ಕೆಟ್ಟಿದೆ, ಸೀಟಿ ಹೊಡೆಯುತ್ತಿಲ್ಲ. ತೂಕ ಬಿಚ್ಚಿ ತೂತು ಚೊಕ್ಕಟ ಮಾಡಿಟ್ಟೆ. ಹೆಂಡತಿ ಹುಲುಗಮ್ಮ ಸೊಂಟಕ್ಕೆ ಕೈ ಇಟ್ಟುಕೊಂಡು ನೋಡುತ್ತ ನಿಂತಿದ್ದಳು. "ಅದು ಚಲೋನ ಐತಿ, ನೀವ್ಯಾಕ ಬಿಚ್ಚೀರಿ" ಎಂದಳು. ಹೆಂಗಸರಿಗೆ ಮಷೀನಿನ ವಿಷಯ ಏನು ಗೊತ್ತು.

೧೫ ಡಿಸೆಂಬರ್

ಗ್ಯಾಸಿಲ್ಲದೆ ಮೊದಲ ಪರೀಕ್ಷೆ, ಸಿರುಗುಪ್ಪ ರಸ್ತೆಯಲ್ಲಿ. ಸಾವ್ಕಾರರೇ ಓಡಿಸಿದರು. ಪಕ್ಕದಲ್ಲಿ ನಾನು, ಹಿಂದೆ ಮಾರೆಣ್ಣ. ಟೈಮಿಂಗ್ ಇವತ್ತು ನನ್ನದು, ಅವನ ಲೈಟು ಮುಟ್ಟಿಸಿಕೊಳ್ಳದ್ದು. ಇಂಜಿನ್ನು ರೇಷ್ಮೆಯ ಹಾಗೆ ಓಡುತ್ತಿತ್ತು. ಇಷ್ಟು ಸದ್ದಿಲ್ಲದೆ ಫಿಯಾಟು ಓಡಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ಕಾಲುವೆ ಏರಿನ ಮೇಲೆ ಹಿಂದಿನಿಂದ ಅವನು, "ನಾಕ್ ಬರಾಕತ್ತೈತಿ ಅಣ್ಣ" ಎಂದ.

ಒಂದು ಕಡಲೆಕಾಳೂ ಅಲ್ಲಾಡಿರಲಿಲ್ಲ. ಸಾವ್ಕಾರರ ಮುಂದೆ ನನ್ನ ಕೆಲಸಕ್ಕೆ ಹುಳುಕು ಹಿಡಿಯಲು ಇವನಿಗೆ ಇದೇ ಜಾಗ ಸಿಕ್ಕಿತು. "ನನಗ ಕೇಳಿಸಲಿಲ್ಲಪ್ಪ" ಎಂದೆ. ಸಾವ್ಕಾರರು ಅವನ ಮುಖ ನೋಡಿದರು, ನನ್ನ ಮುಖ ನೋಡಲಿಲ್ಲ. ಇಳಿದು ಮೂರು ಡಿಗ್ರಿ ಹಿಂದಕ್ಕೆ ತಂದ. ಆಮೇಲೆ ಇಬ್ಬರೂ ಬಾನೆಟ್ಟಿನ ಆ ಬದಿಯಲ್ಲಿ ಏನೋ ಕಿವಿ ಕಚ್ಚಿಕೊಂಡರು. ಎರಡು ಮಾರು ದೂರದಲ್ಲಿ ನಾನಿದ್ದೆ. ನನಗೆ ಕೇಳಬಾರದೆಂದೇ ಆಡಿದ ಮಾತು.

೧೬ ಡಿಸೆಂಬರ್

ಮೈ ಇನ್ನೂ ಉರಿಯುತ್ತಿದೆ. ಕೆಲಸಕ್ಕೆ ಹೋಗಲಿಲ್ಲ.

೨೨ ಡಿಸೆಂಬರ್

ಬಳ್ಳಾರಿಯ ಟ್ಯಾಕ್ಸಿಯವರೆಲ್ಲ ನನ್ನನ್ನು ಮೈಲೇಜ್ ಮೇಸ್ತ್ರಿ ಅನ್ನುತ್ತಾರೆ. ಯಾವ ಕಾರ್ಬೊರೇಟರೇ ಬರಲಿ, ನನ್ನ ಬೆರಳು ತಾನಾಗಿ ಸ್ಕ್ರೂವನ್ನು ಬಿಗಿ ಮಾಡುತ್ತದೆ. ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಇವತ್ತು ಗ್ಯಾಸಿನ ಜೊತೆಗೆ ಹೋಗುವ ಪೆಟ್ರೋಲಿನ ಜೆಟ್ ಆರಿಸುವಾಗಲೂ ಬೆರಳು ಸಣ್ಣ ತೂತಿನದನ್ನೇ ಎತ್ತಿತು. ಕಾಗದದಲ್ಲಿ ಅದಕ್ಕಿಂತ ಎರಡು ನಂಬರು ದೊಡ್ಡದು ಬರೆದಿದೆಯಂತೆ. ಕಾಗದ ಬರೆದವರಿಗೆ ಪೆಟ್ರೋಲು ಬಾವಿಯಲ್ಲಿ ಸಿಗುತ್ತಿರಬೇಕು.

ಮಿಲ್ಲಿನ ಅಂಗಳದ ಹಿಂದಿನ ದಾರಿಯಲ್ಲಿ ಸಾವ್ಕಾರರು ಒಂದೇ ಒಂದು ಸಲ, ಉಸಿರು ಎಳೆದುಬಿಡುವಷ್ಟು ಹೊತ್ತು ಗುಂಡಿ ಒತ್ತಿದರು. ಬೆನ್ನು ಸೀಟಿಗೆ ಅಂಟಿತು. ಸಾವ್ಕಾರರು ಮದುವೆಯ ಗಂಡಿನ ಹಾಗೆ ನಕ್ಕರು.

ಅವರು ಚಹಾಕ್ಕೆ ಒಳಗೆ ಹೋದಾಗ ಮಾರೆಣ್ಣ ಒಂದು ಪ್ಲಗ್ ಬಿಚ್ಚಿ ತಂದು ನನ್ನ ಅಂಗೈಯಲ್ಲಿ ಇಟ್ಟ. ಚೆನ್ನಾಗಿ ಉರಿದ ಪ್ಲಗ್ಗಿನ ಮೂತಿ ಇಟ್ಟಿಗೆ ಬಣ್ಣಕ್ಕಿರಬೇಕು. ಇದು ಸುಣ್ಣದ ಹಾಗೆ ಬೆಳ್ಳಗಿತ್ತು. ಪೆಟ್ರೋಲು ಸಾಲದೆ ಇಂಜಿನ್ನು ಒಳಗೇ ಬೆಂದಿದೆ. ಅದು ನನ್ನ ಕಣ್ಣಿಗೆ ಕಾಣದೆ ಇರುತ್ತದೆಯೇ. ಇನ್ನೆರಡು ಸಲ ಒತ್ತಿದ್ದರೆ ಪಿಸ್ಟನ್ ಹೋಗುತ್ತಿತ್ತು. ಸಾವ್ಕಾರರು ಬರುವುದರೊಳಗೆ ದೊಡ್ಡ ಜೆಟ್ ಹಾಕಿದೆ.

ಎಲ್ಲರ ಮುಂದೆ ತೋರಿಸಿದ್ದರೆ ಜಗಳವಾಡಬಹುದಿತ್ತು. ಹೀಗೆ ಅಂಗೈಯಲ್ಲಿಟ್ಟು ಹೋದವನನ್ನು ಏನು ಮಾಡುವುದು.

೧ ಜನವರಿ ೧೯೮೪

ಹುಲುಗಮ್ಮನ ತಂಗಿಯ ಮನೆಗೆಂದು ಕುರುಗೋಡಿಗೆ ಹೋಗಿದ್ದೆವು. ನನ್ನ ಕಾಲು ಮಾರೆಣ್ಣನ ಷೆಡ್ಡಿನ ಕಡೆ ಎಳೆಯಿತು. ನೋಡೋಣ, ಎಷ್ಟು ಮೆರೆಯುತ್ತಿದ್ದಾನೆ ಎಂದು. ಎರಡು ಟ್ರ್ಯಾಕ್ಟರು, ಒಂದು ಜೀಪು, ಪಂಪುಸೆಟ್ಟುಗಳ ಸಾಲು. ನನ್ನ ಷೆಡ್ಡಿನಲ್ಲಿ ಇವತ್ತು ಒಂದು ಆಟೋ ಇದೆ, ಅದೂ ಪಂಕ್ಚರ್ ಆದದ್ದು. ಗೋಡೆಗೆ ಉದ್ದನೆಯ ಸ್ಕ್ರೂಡ್ರೈವರ್ ನೇತುಹಾಕಿದ್ದ. ಹಿಡಿಯನ್ನು ಕಿವಿಗೊತ್ತಿ ಇಂಜಿನ್ನಿನ ಒಳಗನ್ನು ಕೇಳಲು ಅವನಿಗೆ ನಾನೇ ಕೊಟ್ಟದ್ದು. ಅವನು ಬಳಸುವುದಿಲ್ಲ, ತುಕ್ಕು ಹಿಡಿಯದಂತೆ ಎಣ್ಣೆ ಮಾತ್ರ ಸವರಿದ್ದಾನೆ. ನನಗೆ ಈಚೆಗೆ ಅಂಥದಿಲ್ಲದೆ ಟ್ಯಾಪೆಟ್ಟಿನ ಟಕಟಕವೂ ಕೇಳುವುದಿಲ್ಲ. ಈಗಿನ ಇಂಜಿನ್ನುಗಳೇ ಹಾಗೆ, ಮೂಗರು.

ಅವನ ತಾಯಿ ಈರಮ್ಮ ಊಟಕ್ಕೆ ಏಳಿಸಿದರು. ತಂದೆ ದುರುಗಣ್ಣ ಕಟ್ಟೆಯ ಮೇಲೆ ಕೂತು ಬೀದಿ ನೋಡುತ್ತಿದ್ದ. ಬಂಡೆಗೆ ಮದ್ದಿಟ್ಟು ಒಡೆಯುವ ಕೆಲಸ ಮಾಡಿ ಮಾಡಿ ಮುದುಕನಿಗೆ ಕಿವಿ ಪೂರಾ ಹೋಗಿದೆ. ಆ ಮನೆಯಲ್ಲಿ ಅವನನ್ನು ಯಾರೂ ಕೂಗುವುದಿಲ್ಲ, ಎಡಭುಜ ತಟ್ಟುತ್ತಾರೆ. ಈರಮ್ಮ ಎರಡು ಸಲ ತಟ್ಟಿದರು. ಎದ್ದು ಕೈ ತೊಳೆದುಕೊಂಡು ಬಂದು ತಾಟಿನ ಮುಂದೆ ಕೂತ. ಬಿಸಿ ಸಾರಿನ ಗಡಿಗೆಗೆ ಕೈ ಚಾಚಿದಾಗ ಮಾರೆಣ್ಣ ಒಂದೇ ಸಲ ತಟ್ಟಿದ. ಮುದುಕ ಕೈ ಅಲ್ಲೇ ನಿಲ್ಲಿಸಿದ. ಒಂದಕ್ಕೆ ನಿಲ್ಲು, ಎರಡಕ್ಕೆ ಊಟಕ್ಕೆ ಬಾ.

"ಎಷ್ಟು ವರ್ಷದಿಂದ ಹಿಂಗ" ಎಂದು ಕೇಳಿದೆ. "ಮೊದಮೊದಲು ಅವರಿಗೇ ಗೊತ್ತಾಗಲಿಲ್ರಿ" ಎಂದರು ಈರಮ್ಮ, ತಾಟಿಗೆ ರೊಟ್ಟಿ ಹಾಕುತ್ತ. "ಎಲ್ರೂ ಬೇಕಂತ ಸಣ್ಣ ದನಿಲೆ ಮಾತಾಡ್ತೀರಿ ಅಂತ ಎರಡು ವರ್ಷ ನಮ್ಮ ಕೂಡ ಜಗಳ ತಗದ್ರು."

ಮಾರೆಣ್ಣ ತಾಯಿಯ ಕಡೆ ಒಂದು ಥರಾ ನೋಡಿದ. ವಾಪಸು ದಾರಿಯುದ್ದಕ್ಕೂ ನಾನು, ಮುದುಕನನ್ನು ಎಮ್ಮೆಯನ್ನು ತಟ್ಟಿದ ಹಾಗೆ ತಟ್ಟುತ್ತಾರೆಂದು ಹುಲುಗಮ್ಮನಿಗೆ ಹೇಳಿ ನಕ್ಕೆ. ಅವಳು ನಗಲಿಲ್ಲ.

೮ ಜನವರಿ

ಬರೆಯಬೇಕೋ ಬೇಡವೋ. ಬರೆಯುತ್ತೇನೆ.

ಇವತ್ತು ಸಿರುಗುಪ್ಪದಿಂದ ರಾರಾವಿಯ ಕಡೆಗೆ ಪೂರಾ ಗ್ಯಾಸಿನ ಪರೀಕ್ಷೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮಿಲ್ಲಿಗೆ ಹೋದೆ. ಬಾನೆಟ್ ಎತ್ತಿದೆ. ಮಾರೆಣ್ಣ ಬಿಗಿ ಮಾಡಿಟ್ಟ ಬೋಲ್ಟನ್ನು ಸಡಿಲಿಸಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಒಂದು ಕೂದಲೆಳೆ ಮುಂದಕ್ಕೆ ತಿರುಗಿಸಿದೆ. ಇನ್ನೊಂದು ಕೂದಲೆಳೆ. ನನ್ನ ಕಿವಿ ಸರಿ ಎಂದ ಜಾಗದಲ್ಲಿ ನಿಲ್ಲಿಸಿ ಬಿಗಿ ಮಾಡಿದೆ. ಗಾಡಿ ಹಾರಿದ ಮೇಲೆ ಇದು ಲೈಟಿನದಲ್ಲ, ನನ್ನದು ಎಂದು ಸಾವ್ಕಾರರ ಮುಂದೆ ಹೇಳಬೇಕು, ಆಗ ಇವನ ಮುಖ ನೋಡಬೇಕು ಎಂಬುದೊಂದೇ ಆಸೆ.

ನೇರ ದಾರಿ, ಎರಡೂ ಕಡೆ ಭತ್ತದ ಗದ್ದೆ. ಸಾವ್ಕಾರರು ಗುಂಡಿ ಒತ್ತಿದರು. ಗಾಡಿ ಹಾರಿತು. ನನಗೆ ಗಾಳಿಯ ಸದ್ದು, ಇಂಜಿನ್ನಿನ ತುಂಬು ದನಿ, ಅಷ್ಟೇ. ಎಷ್ಟು ಚೆಂದ ಅಂದುಕೊಳ್ಳುವಷ್ಟರಲ್ಲಿ ಮಾರೆಣ್ಣ ಹಿಂದಿನಿಂದ ಬಗ್ಗಿ ಸಾವ್ಕಾರರ ಕೈಯನ್ನು ಗುಂಡಿಯಿಂದ ಹೊಡೆದು ತೆಗೆದ. "ಬಿಡ್ರಿ, ಬಿಡ್ರಿ" ಎಂದು ಚೀರಿದ. ಅದು ನನಗೂ ಕೇಳಿತು.

ಗಾಡಿ ನಿಲ್ಲಿಸಿ ಬಿಚ್ಚಿದರೆ ಪ್ಲಗ್ಗಿನ ಮೂತಿಯ ಮೇಲೆ ಬೆಳ್ಳಿ ಚುಕ್ಕೆಗಳು. ಪಿಸ್ಟನ್ನಿನ ಅಲ್ಯುಮಿನಿಯಮ್. ಮೂರನೇ ಪಿಸ್ಟನ್ನಿನ ಅಂಚನ್ನು ಇಲಿ ಕಡಿದ ಹಾಗೆ ಬೆಂಕಿ ತಿಂದಿತ್ತು.

ಸಾವ್ಕಾರರು ಕೆಂಡವಾದರು. "ಟೈಮಿಂಗ್ ಯಾರು ಮುಟ್ಟಿದ್ರಿ" ಎಂದರು. ಮಾರೆಣ್ಣ ಬಗ್ಗಿ ಬೋಲ್ಟಿನ ಮೇಲೆ ಬೆರಳಿಟ್ಟು, "ನಂದ ತಪ್ಪು ಸಾವ್ಕಾರ್ರ. ನಿನ್ನೆ ಸರಿಯಾಗಿ ಬಿಗಿ ಮಾಡಿದ್ದಿಲ್ಲ. ಸಡ್ಲಾಗಿ ತಿರುಗೇತಿ" ಎಂದ. ಬೋಲ್ಟು ಕಲ್ಲಿನಂತೆ ಬಿಗಿಯಾಗಿತ್ತು. ನಾನೇ ಬಿಗಿ ಮಾಡಿದ್ದು. ಅವನ ಬೆರಳಿಗೂ ಅದು ಗೊತ್ತಾಗಿತ್ತು. ಬೈಗುಳವನ್ನೆಲ್ಲ ಅವನೇ ತಿಂದ.

ಆದರೆ ನನ್ನನ್ನು ಕುಕ್ಕುತ್ತಿರುವುದು ಅದಲ್ಲ. ವಾಪಸು ಬರುವಾಗ ಸಾವ್ಕಾರರು ನನ್ನ ಕಡೆ ತಿರುಗಿ ಹೇಳಿದ ಮಾತು. "ನನಗೂ ಕೇಳಿಸ್ತು ನೋಡು. ನೀ ಹೇಳ್ತಿದ್ದೆಲ್ಲಾ ಉಚ್ಚೆಂಗೆಪ್ಪ, ತಗಡಿನ ಡಬ್ಬ್ಯಾಗ ಕಡ್ಲಿ ಅಲ್ಲಾಡಿಸಿದಂಗ. ಇವತ್ತು ಖರೇ ಹಂಗ ಕೇಳಿಸ್ತು."

ಅಕ್ಕಿ ವ್ಯಾಪಾರದ ಮನುಷ್ಯನಿಗೆ ಕೇಳಿಸಿದೆ.

೯ ಜನವರಿ

ಅಡುಗೆಮನೆಯಲ್ಲಿ ಕುಕ್ಕರಿನ ಎದುರಿಗೆ ಮಣೆ ಹಾಕಿಕೊಂಡು ಕೂತೆ. ಆವಿ ಬಂತು. ತೂಕ ಎದ್ದು ಕುಣಿಯಿತು. ಹುಲುಗಮ್ಮ ಒಲೆಗೆ ಬೆನ್ನು ಮಾಡಿ ಪಡಸಾಲೆಯಲ್ಲಿ ಬೇಳೆ ಆರಿಸುತ್ತಿದ್ದಳು. ಮೂರನೆಯ ಸಲ ತೂಕ ಕುಣಿದಾಗ ಎದ್ದು ಬಂದು ಇಳಿಸಿದಳು.

ಕುಕ್ಕರು ಸರಿಯಾಗಿದೆ.

೧೨ ಜನವರಿ

ಏನೂ ಇಲ್ಲ.

೨೧ ಜನವರಿ

ಹೊಸ ಪಿಸ್ಟನ್ ಕೂರಿಸಿ ಮುಗಿಸಿದೆವು. ಒಂದು ವಾರ ಒಂದೇ ಬಾನೆಟ್ಟಿನ ಕೆಳಗೆ ಇಬ್ಬರ ತಲೆ. ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ಕಾಯುತ್ತಿದ್ದೇನೆ. ಸಾವ್ಕಾರರ ಕಿವಿಯಲ್ಲಿ ಒಂದು ಮಾತು ಹಾಕಿದರೆ ಪಾಸು ಅವನದು. ಟ್ಯಾಕ್ಸಿಯವರಿಗೆ ಹೇಳಿದರೆ ನನ್ನ ಷೆಡ್ಡಿಗೆ ಬೀಗ. ನಾನು ಅವನ ಜಾಗದಲ್ಲಿದ್ದರೆ ಎರಡನ್ನೂ ಮಾಡುತ್ತಿದ್ದೆ.

ಹೇಳಲಿಲ್ಲ. ಮೊದಲು ಹಿಂದೆ ನಿಂತು ಮಾತಾಡುತ್ತಿದ್ದವನು ಈಗ ಎದುರಿಗೆ ಬಂದು ನಿಂತು, ಮುಖ ನೋಡಿ ಮಾತಾಡುತ್ತಾನೆ. ಅವನ ತುಟಿ ಕಂಡರೆ ಮಾತೂ ಸ್ಪಷ್ಟ ಕೇಳುತ್ತದೆ. ಒಳ್ಳೆಯವನಾಗುವುದರಲ್ಲೂ ನನ್ನನ್ನು ಹಿಂದೆ ಹಾಕಬೇಕೆಂದು ಹಟ ತೊಟ್ಟಿದ್ದಾನೆ.

ಪ್ಲಗ್ಗಿನ ಬಣ್ಣ ನೋಡುವುದರಲ್ಲಿ ಮಾತ್ರ ಅವನು ಇನ್ನೂ ಎಳಸು. ಪೆಟ್ರೋಲು ಒಂದು ಗುಟುಕು ಕಡಿಮೆಯೋ ಹೆಚ್ಚೋ ನನ್ನ ಕಣ್ಣು ಹೇಳುತ್ತದೆ. ಅವನಿಗೆ ಬಿಳಿ, ಕಪ್ಪು ಎರಡೇ ಕಾಣುವುದು. ಇವತ್ತು ನಾಲ್ಕು ಪ್ಲಗ್ಗನ್ನೂ ಸಾಲಾಗಿಟ್ಟು ತೋರಿಸಿಕೊಟ್ಟೆ. ಯಾಕೆ ತೋರಿಸಿದೆನೋ.

೨೯ ಜನವರಿ

ಕಡೆಯ ಪರೀಕ್ಷೆ. ಕುರುಗೋಡಿನ ಗುಡ್ಡದ ಏರಿನಲ್ಲಿ. ಏರಿನಲ್ಲಿ ಇಂಜಿನ್ನಿಗೆ ಭಾರ ಬೀಳುತ್ತದೆ, ನಾಕಿಂಗ್ ಇದ್ದರೆ ಅಲ್ಲಿ ಬಂದೇ ಬರುತ್ತದೆ. ಮೊನ್ನೆಯ ಬೋಲ್ಟಿನ ಸಿಟ್ಟು ಇಳಿಯದ ಸಾವ್ಕಾರರು ಹೊರಡುವ ಮೊದಲೇ ಹೇಳಿದ್ದರು, "ಇವತ್ತು ಟೈಮಿಂಗ್ ಉಚ್ಚೆಂಗೆಪ್ಪಂದು. ಮಾರೆಣ್ಣ, ನೀ ಬಾಯಿ ಹಾಕಬ್ಯಾಡ." ಒಂದು ತಿಂಗಳ ಹಿಂದೆ ಈ ಮಾತು ಕೇಳಿದ್ದರೆ ಕುಣಿಯುತ್ತಿದ್ದೆ. ಇವತ್ತು ಬೋಲ್ಟನ್ನು ಎರಡೆರಡು ಸಲ ಮುಟ್ಟಿ ನೋಡಿದೆ. ಇನ್ನೊಂದು ಪಿಸ್ಟನ್ ಹೋದರೆ ಓಟವೂ ಇಲ್ಲ, ನಾನೂ ಇಲ್ಲ.

ಮುಂದೆ ಸಾವ್ಕಾರರೂ ನಾನೂ, ನನ್ನ ಹಿಂದೆ ಮಾರೆಣ್ಣ. ಏರು ಶುರುವಾಯಿತು. ಗುಂಡಿ ಒತ್ತಿದರು. ಗಾಡಿ ಮೇಲಕ್ಕೆ ನುಗ್ಗಿತು. ನಾನು ಇದ್ದ ಕಿವಿಯನ್ನೆಲ್ಲ ಮುಂದಕ್ಕೆ ಚಾಚಿ ಕೂತೆ. ಗಾಳಿ, ತುಂಬು ದನಿ, ಮತ್ತೇನಿಲ್ಲ.

ಆಗ ಎಡಭುಜದ ಮೇಲೆ, ಬಾಗಿಲಿನ ಕಡೆಯಿಂದ, ಸಾವ್ಕಾರರಿಗೆ ಕಾಣದ ಹಾಗೆ, ಒಂದು ಸಲ ತಟ್ಟಿತು.

ಬಿಸಿ ಸಾರಿನ ಗಡಿಗೆ. ಮುದುಕನ ಕೈ.

"ಬಿಡ್ರಿ ಸಾವ್ಕಾರ್ರ, ನಾಕ್ ಐತಿ" ಎಂದೆ.

ಇಳಿದು ಡಿಸ್ಟ್ರಿಬ್ಯೂಟರನ್ನು ಕೂದಲೆಳೆ ಹಿಂದಕ್ಕೆ ತಿರುಗಿಸಿದೆ. ಮತ್ತೆ ಏರು ಹತ್ತಿದೆವು, ಮತ್ತೆ ಒಂದು ತಟ್ಟು, ಈ ಸಲ ಮೆಲ್ಲಗೆ. ಸ್ವಲ್ಪವೇ ಉಳಿದಿದೆ ಎಂದು ಅರ್ಥ. ಅರ್ಧ ಕೂದಲೆಳೆ ತಿರುಗಿಸಿದೆ. ಮೂರನೆಯ ಸಲ ಗುಂಡಿ ಒತ್ತಿದಾಗ ಕೈ ಭುಜದ ಮೇಲೆ ಇತ್ತು, ತಟ್ಟಲಿಲ್ಲ. ಗುಡ್ಡದ ತುದಿ ಮುಟ್ಟುವವರೆಗೂ ಹಾಗೇ ಇತ್ತು. ಪ್ಲಗ್ ಬಿಚ್ಚಿದರೆ ನಾಲ್ಕೂ ಇಟ್ಟಿಗೆ ಬಣ್ಣ. ನನ್ನ ಜೀವಮಾನದಲ್ಲಿ ಇಷ್ಟು ಒಳ್ಳೆಯ ಟೈಮಿಂಗ್ ಇಟ್ಟಿಲ್ಲ.

ಸಾವ್ಕಾರರು ಬೆನ್ನು ಚಪ್ಪರಿಸಿದರು. "ಏನ ಅನ್ನು ಉಚ್ಚೆಂಗೆಪ್ಪ, ನಿನ್ನ ಕಿವಿಗೆ ಸಮ ಇಲ್ಲ. ಪಾಸು ನಿನ್ನ ಹೆಸರಿಗೆ ಬರಸ್ತೀನಿ."

ನಾನು ಮಾರೆಣ್ಣನನ್ನು ನೋಡಿದೆ. ಅವನು ಗುಡ್ಡ ನೋಡುತ್ತಿದ್ದ.

೩೦ ಜನವರಿ

ಪಾಸು ಸಾವ್ಕಾರರ ಕೈಗೆ ಬಂದಿದೆ. ಕೆಂಪು ಅಕ್ಷರದ ರಟ್ಟು, ಹೆಸರಿನ ಜಾಗ ಖಾಲಿ. ಮದ್ರಾಸಿನಲ್ಲಿ ಹಿಂದಿನ ಸೀಟು ಇರುವುದಿಲ್ಲ, ತೂಕವೆಂದು ಬಿಚ್ಚುತ್ತಾರೆ. ಅಲ್ಲಿ ನನ್ನ ಭುಜ ತಟ್ಟುವವರು ಯಾರು.

ಹೋಗಬೇಕೆಂದು ಎಷ್ಟು ಆಸೆಯಿತ್ತೆಂದರೆ ಹೊಸ ಅಂಗಿ ಹೊಲಿಯಲು ಕೊಟ್ಟಿದ್ದೆ.

೨ ಫೆಬ್ರವರಿ

ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಹೋಗಿ ಸಾವ್ಕಾರರ ಎದುರು ನಿಂತೆ. ಮದ್ರಾಸಿನ ನೀರು ಆಗಿ ಬರುವುದಿಲ್ಲ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಬಾಯಿ ಬೇರೆಯೇ ಆಡಿತು.

"ಅವತ್ತು ಟೈಮಿಂಗ್ ತಿರುವಿದಂವ ನಾನ್ರಿ. ಬೋಲ್ಟು ಸಡ್ಲಿದ್ದಿಲ್ಲ. ಗುಡ್ಡದ ಮ್ಯಾಲ ನಾಕ್ ಕೇಳಿದ್ದೂ ನಾನಲ್ಲ, ಮಾರೆಣ್ಣ. ನನಗ ಆ ಸದ್ದು ಕೇಳೂದಿಲ್ರಿ ಈಗ."

ಸಾವ್ಕಾರರು ಏನಾದರೂ ಅಂದರೋ ಇಲ್ಲವೋ, ತಲೆ ತಗ್ಗಿಸಿದ್ದೆ, ಅವರ ತುಟಿ ನೋಡಲಿಲ್ಲ. ಕಡೆಗೆ ತಲೆ ಎತ್ತಿದಾಗ ಪಾಸಿನ ಮೇಲೆ ಪೆನ್ನು ಓಡಿಸುತ್ತಿದ್ದರು.

೫ ಫೆಬ್ರವರಿ

ಗಾಡಿ ಹೊರಟಿತು. ಗಾಂಧಿನಗರದ ಷೆಡ್ಡಿನ ಮುಂದೆ ನಿಲ್ಲಿಸಿ ಮಾರೆಣ್ಣ ಇಳಿದು ಬಂದ. ಎದುರಿಗೆ ನಿಂತು, "ನೀವ ಬರಬೇಕಿತ್ತಣ್ಣ" ಎಂದ. ನಾನು ಕಾಗದದ ಪೊಟ್ಟಣ ಕೊಟ್ಟೆ. ಒಳಗೆ ಐದು ಹಳೆಯ ಪ್ಲಗ್ಗು, ಬಿಳಿಯಿಂದ ಕಪ್ಪಿನವರೆಗೆ ಐದು ಬಣ್ಣ, ಒಂದೊಂದಕ್ಕೂ ಎಷ್ಟು ನಂಬರಿನ ಜೆಟ್ ಹಾಕಬೇಕೆಂದು ಚೀಟಿ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದೆ. ಇಂಜಿನ್ನು ಸರಿಯಾಗಿ ನಡೆಯುತ್ತಿತ್ತು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಹೊಟ್ಟೆ ಉರಿಯಿತು. ಅವನ ಲೈಟಿನ ಮೇಲಲ್ಲ, ಪಾಸಿನ ಮೇಲೂ ಅಲ್ಲ. ಆ ಕಡಲೆಯ ಸದ್ದು ಅವನಿಗೆ ಇನ್ನೂ ಮೂವತ್ತು ವರ್ಷ ಕೇಳುತ್ತದೆ.

ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಬೀದಿ ನೋಡುತ್ತಿದ್ದೆ. ಹುಲುಗಮ್ಮ ಒಳಗಿನಿಂದ ಕೂಗಲಿಲ್ಲ. ಹಿಂದಿನಿಂದ ಬಂದು ಎಡಭುಜವನ್ನು ಎರಡು ಸಲ ತಟ್ಟಿದಳು.

ಮಾರೆಣ್ಣ ಯಾವಾಗ ಬಂದು ಇವಳಿಗೂ ಹೇಳಿಕೊಟ್ಟು ಹೋದನೋ. ನನ್ನ ಮನೆಯೊಳಗೂ ಕೈ ಹಾಕಿದ್ದಾನೆ. ಎದ್ದು ಕೈ ತೊಳೆದುಕೊಂಡೆ.